ಬಿದ್ದವರನ್ನು ಎಬ್ಬಿಸದ ಗಂಗರತ್ನಮ್ಮ

ಗಂಗರತ್ನಮ್ಮನಿಗೆ ಕುದುರೆಗಳ ಮೇಲೆ ಸಿಟ್ಟಿಲ್ಲ. ಸಿಟ್ಟೆಲ್ಲ ಮನುಷ್ಯರ ಮೇಲೆ. ಯಾರಾದರೂ ಬಿದ್ದರೆ ಸಾಕು, ರೆಟ್ಟೆ ಹಿಡಿದು ಎತ್ತಿ ಕೂರಿಸುವುದು, ಬಾಯಿಗೆ ನೀರು ಹುಯ್ಯುವುದು, ಬೆನ್ನು ನೀವುವುದು! ಬಿದ್ದವರು ಒಂದು ಗಳಿಗೆ ನೆಲದ ಮೇಲಿದ್ದರೆ ಊರಿನ ಮಾನ ಹೋಗುತ್ತದೇನೋ ಅನ್ನುವ ಹಾಗೆ ಆಡುತ್ತಾರಲ್ಲ, ಆ ಜನರ ಮೇಲೆ.

ವರ್ಷಕ್ಕೊಮ್ಮೆ, ರಾಗಿ ಕೊಯ್ಲು ಮುಗಿದ ಮೇಲೆ, ಬೆಂಗಳೂರಿನ ಸವಾರರು ಮಾಸ್ತಿ ಕಡೆಯ ಕೆರೆಯಂಗಳ, ಹೊಲದ ದಾರಿ ಹಿಡಿದು ಅರವತ್ತು ಕಿಲೋಮೀಟರ್ ಕುದುರೆ ಓಡಿಸುತ್ತಾರೆ. ಗಂಗರತ್ನಮ್ಮ ಊರಿನ ಆಶಾ ಕಾರ್ಯಕರ್ತೆ. ಪಂದ್ಯ ನಡೆಸುವ ಉಮೇಶ್ ಬಿದ್ದ ಸವಾರರನ್ನು ನೋಡಿಕೊಳ್ಳುವ ಎರಡು ದಿನದ ತರಬೇತಿ ಕೊಡಿಸಿ, ಕಿತ್ತಳೆ ಬಣ್ಣದ ಜಾಕೆಟ್ ಹಾಕಿಸಿ, ಕೈಗೊಂದು ಸೀಟಿ ಕೊಟ್ಟು ಅವಳನ್ನು ದಾರಿಯಲ್ಲಿ ಕೂರಿಸಿ ನಾಲ್ಕು ವರ್ಷವಾಯಿತು. ಅವಳು ಯಾಕೆ ಒಪ್ಪಿಕೊಂಡಳೆಂದು ಊರಿಗೆಲ್ಲ ಗೊತ್ತು. ಹತ್ತು ವರ್ಷದ ಹಿಂದೆ ಅವಳ ಗಂಡ ಆವಲಪ್ಪ ಹುಲ್ಲಿನ ಮೆದೆಯಿಂದ ಬಿದ್ದಾಗ, ಪಕ್ಕದ ಹೊಲದ ವೆಂಕಟ್ ಅವನನ್ನು ಎತ್ತಿ ಕೂರಿಸಿದನಂತೆ. ಪೆಟ್ಟಾಗಿದ್ದ ಬೆನ್ನುಮೂಳೆ ಅದರಿಂದಲೇ ಪೂರ್ತಿ ಕೆಟ್ಟು ಎರಡೂ ಕಾಲು ಹೋದವಂತೆ. ಅವತ್ತಿನಿಂದ ಆ ಎರಡು ಮನೆಗಳಿಗೆ ಮಾತಿಲ್ಲ.

ಈ ಸಲ ಬಿದ್ದವಳು ಮೇಘನ ಎಂಬ ಹುಡುಗಿ. ವೆಂಕಟ್‌ನ ಟೊಮೆಟೊ ತೋಟದ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹಾಳೆ ಗಾಳಿಗೆ ಪಟಪಟ ಎಂದಿದ್ದೇ ತಡ, ಕುದುರೆ ಬೆದರಿ ಎಗರಿತು. ಹುಡುಗಿ ಬದುವಿನ ಮೇಲೆ ದೊಪ್ಪನೆ ಬಿದ್ದಳು. ಗಂಗರತ್ನಮ್ಮ ಓಡಿಹೋಗಿ ನೆಲದಲ್ಲಿ ಕೂತು, ಅವಳ ತಲೆ ಅಲ್ಲಾಡದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕತ್ತು ನೋಯ್ತಿದೆ ಆಂಟಿ. ಬೆರಳೆಲ್ಲ ಜುಮ್ ಅಂತಿದೆ."

ಗಂಗರತ್ನಮ್ಮ ಹಿಡಿತ ಇನ್ನಷ್ಟು ಬಿಗಿ ಮಾಡಿದಳು. ಕತ್ತಿನ ಮೂಳೆಗೆ ಏಟಾಗಿದ್ದರೆ ಒಂದು ಸಲ ತಪ್ಪಾಗಿ ಎತ್ತಿದರೂ ಹುಡುಗಿಯ ಕೈಕಾಲು ಮುಗಿದ ಹಾಗೆ.

ಅಷ್ಟರಲ್ಲಿ ಜನ ಸೇರಿದರು. "ಎತ್ತಿ ನೆರಳಿಗೆ ಕೂರ್ಸೋಣ," ಅಂದನೊಬ್ಬ. "ಹೆಲ್ಮೆಟ್ ತೆಗೀರಿ, ಗಾಳಿ ಆಡ್ಲಿ," ಅಂದಳು ಊರಿನ ಭಾರತಮ್ಮ. ವೆಂಕಟ್ ಸೋಡಾ ಬಾಟಲಿ ಹಿಡಿದುಕೊಂಡೇ ಬಂದ.

"ಒಬ್ರೂ ಮುಟ್ಬೇಡ್ರೋ! ಸೋಡಾ ಅಂತೆ ಸೋಡಾ, ಇಲ್ಲೇನು ಮದುವೆ ನಡೀತಾ ಇದ್ಯಾ?" ಎಂದು ಕಿರುಚಿದಳು ಗಂಗರತ್ನಮ್ಮ. ಭಾರತಮ್ಮನಿಂದ ಕಿವಿಗೆ ಫೋನ್ ಹಿಡಿಸಿಕೊಂಡು ಉಮೇಶನನ್ನು ಕೇಳಿದರೆ, ಆಂಬುಲೆನ್ಸ್ ದಾರಿ ತಪ್ಪಿ ಇನ್ಯಾವುದೋ ಕೆರೆಯ ಕಟ್ಟೆಯ ಮೇಲೆ ನಿಂತಿದೆಯಂತೆ. "ನಾಲ್ಕನೇ ಪಾಯಿಂಟ್ ಅಂತಾನೇ ಹೇಳಿದೀನಿ ಅಕ್ಕ," ಅಂದ.

"ನಿನ್ನ ನಾಲ್ಕನೇ ಪಾಯಿಂಟ್‌ಗಿಷ್ಟು ಬೆಂಕಿ ಹಾಕ! ಮುನೇಶ್ವರನ ಬೇವಿನ ಮರ ಅಂತ ಹೇಳಯ್ಯಾ, ದಾರೀಲಿ ಯಾರನ್ನ ಕೇಳಿದ್ರೂ ತೋರಿಸ್ತಾರೆ!"

ಇದೆಲ್ಲ ಸಾಲದು ಅಂತ ಹುಡುಗಿಯೇ ಮೊಣಕೈ ಊರಲು ಹೊರಟಳು. "ಬಿಡಿ ಆಂಟಿ, ಇನ್ನು ಎಂಟೇ ಕಿಲೋಮೀಟರ್. ನಾನೇ ಎದ್ದು ಹತ್ತಿದ್ರೆ ಪಂದ್ಯದಲ್ಲಿ ಇರ್ತೀನಿ."

"ಮಲಕ್ಕೋ ಅಂದ್ರೆ ಮಲಕ್ಕೋಬೇಕು!"

"ನಂಗೇನೂ ಆಗಿಲ್ಲ!" ಹುಡುಗಿ ಮತ್ತೆ ಒದ್ದಾಡಿದಳು. ಜನ, "ಪಾಪ, ಎದ್ದೇಳ್ತಾಳಂತೆ ಬಿಡಕ್ಕ," ಎಂದು ಒಂದು ಹೆಜ್ಜೆ ಮುಂದೆ ಬಂದರು. ಗಂಗರತ್ನಮ್ಮನ ಬಳಿ ಇದ್ದ ಬೈಗುಳವೆಲ್ಲ ಖಾಲಿಯಾಗಿತ್ತು.

"ನನ್ನ ಯಜಮಾನ್ರೂ ಹಿಂಗೇ ಅಂದ್ರು ಕಣವ್ವಾ, ಏನೂ ಆಗಿಲ್ಲ ಅಂತ," ಅಂದಳು. "ನಾನೇ ಎತ್ತಿದೆ. ವೆಂಕಟ್ ಬೇಡ ಅಕ್ಕ, ಬೇಡ ಅಕ್ಕ ಅಂತ ಬಡ್ಕೊಂಡ. ಕೇಳಲಿಲ್ಲ. ಎತ್ತಿ, ಗೋಡೆಗೆ ಒರಗಿಸಿ, ಕಾಫಿ ಕುಡಿಸಿದೆ. ಆಮೇಲೆ ಅವರು ಎದ್ದು ನಿಂತಿದ್ದನ್ನ ನಾನು ಕಂಡಿಲ್ಲ. ಡಾಕ್ಟ್ರು ಯಾರು ಎತ್ತಿದ್ದು ಅಂತ ಗದರಿಸಿ ಕೇಳಿದಾಗ ಹೆದರ್ಕೊಂಡು ಇವನ ಹೆಸರು ಹೇಳ್ಬಿಟ್ಟೆ."

ಹುಡುಗಿ ಮೊಣಕೈ ಸಡಿಲಿಸಿದಳು. ಜನ ನಿಂತಲ್ಲೇ ನಿಂತರು. ವೆಂಕಟ್ ಸೋಡಾ ಬಾಟಲಿ ಕೆಳಗಿಟ್ಟು, ಹೆಗಲ ಮೇಲಿನ ಟವೆಲ್ ಬಿಡಿಸಿ ಹುಡುಗಿಯ ಮುಖಕ್ಕೆ ನೆರಳು ಹಿಡಿದ. ಆಂಬುಲೆನ್ಸ್ ಬರಲು ಮುಕ್ಕಾಲು ಗಂಟೆಯಾಯಿತು. ಅಲ್ಲಿಯವರೆಗೆ ಅವನು ಕೈ ಇಳಿಸಲಿಲ್ಲ, ಅವಳು ತಲೆ ಬಿಡಲಿಲ್ಲ.

ಸಂಜೆ ಅವಳು ಮನೆ ದಾರಿಯಲ್ಲಿರುವಾಗ ಉಮೇಶ್ ಫೋನ್ ಮಾಡಿದ. ಕತ್ತಿನ ಮೂಳೆ ಬಿರುಕು ಬಿಟ್ಟಿದೆ, ಆದರೆ ಜರುಗಿಲ್ಲ, ಹುಡುಗಿ ನಡೆದಾಡುತ್ತಾಳೆ ಅಂದ. ಗಂಗರತ್ನಮ್ಮ ಕಣ್ಣೊರೆಸಿಕೊಂಡು ಮನೆ ಮುಂದೆ ಬಂದರೆ, ಗಾಲಿ ಕುರ್ಚಿಯಲ್ಲಿದ್ದ ಆವಲಪ್ಪನ ಪಕ್ಕ ಜಗಲಿಯ ಮೇಲೆ ವೆಂಕಟ್ ಕೂತಿದ್ದ. ಹತ್ತು ವರ್ಷದ ಮೇಲೆ ಅವನು ಆ ಮನೆಯ ಮೆಟ್ಟಿಲು ಹತ್ತಿದ್ದ.

ಬಿದ್ದ ಪೆಟ್ಟಿಗೆ ಗಂಡನಿಗೆ ಆ ದಿನದ್ದೇನೂ ನೆನಪಿಲ್ಲ ಅಂತಲೇ ಅವಳು ಇಷ್ಟು ವರ್ಷ ನಂಬಿದ್ದಳು. ಈಗ ಅವನ ಮುಖ ನೋಡಲಾರದೆ ನಿಂತಳು. "ಹೇಳಿದ್ನಾ ಇವನು?"

"ಹೇಳೋದೇನೇ? ಕಾಫಿ ಕುಡಿದೋನು ನಾನಲ್ವಾ?" ಅಂದ ಆವಲಪ್ಪ.

"ಆಸ್ಪತ್ರೇಲೇ ಅಣ್ಣ ನನ್ನ ಕೈ ಹಿಡ್ಕೊಂಡು, ಸುಮ್ನಿರು ವೆಂಕಟ್, ನಿಜ ಗೊತ್ತಾದ್ರೆ ಊರು ಇವಳನ್ನ ಬದುಕೋಕೆ ಬಿಡಲ್ಲ ಅಂದ್ರು," ಅಂದ ವೆಂಕಟ್, ನೆಲ ನೋಡುತ್ತ.

ಗಂಗರತ್ನಮ್ಮನಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು. "ಹತ್ತು ವರ್ಷ ಇಬ್ರೂ ಸೇರ್ಕೊಂಡು ಬಾಯಿ ಮುಚ್ಕೊಂಡಿದ್ರಾ? ನಾನು ದಿನಾ ಒಳಗೊಳಗೇ ಬೇಯ್ತಾ ಇದ್ನಲ್ರೀ! ಒಂದು ಮಾತು ಅನ್ನೋಕಾಗ್ಲಿಲ್ವಾ ನಿಮ್ಗೆ?"

"ಸರಿ ಬಿಡೇ, ಈಗ ಅಂದಾಯ್ತಲ್ಲ. ಹೋಗು, ಮೂರು ಲೋಟ ಕಾಫಿ ಮಾಡ್ಕೊಂಡು ಬಾ," ಅಂದ ಆವಲಪ್ಪ. "ಹೆದರ್ಕೋಬೇಡ, ಈ ಸಲ ಎತ್ತೋದೇನೂ ಬೇಡ, ಕೂತೇ ಇದೀನಿ."