ಬೋಣಿಯ ಕೈ

ಇಪ್ಪತ್ಮೂರನೇ ವಯಸ್ಸಿಗೆ ನನಗೆ ಬಡ್ತಿ ಬಂತು. ಬಡ್ತಿ ಎಂದರೆ ಯಾರಿಗಾದರೂ ಖುಷಿಯಾಗಬೇಕು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ವಿಜಯನಗರದ ಒಂದು ರೆಡಿಮೇಡ್ ಬಟ್ಟೆ ಅಂಗಡಿಯಲ್ಲಿ ನಾನು ಫ್ಲೋರ್ ಸೂಪರ್‌ವೈಸರ್ ಆಗಿದ್ದೆ. ಪಿಯುಸಿ ಮುಗಿದ ಬೇಸಿಗೆಯಲ್ಲಿ, ರಜೆ ಕಳೆಯಲೆಂದು ಸೇರಿದವಳು ಹಾಗೇ ಉಳಿದುಬಿಟ್ಟೆ. ಬಿ.ಕಾಂ ಪದವಿಯನ್ನೂ ಕರೆಸ್ಪಾಂಡೆನ್ಸ್‌ನಲ್ಲಿ, ಸ್ಟಾಕ್ ರೂಮಿನ ಸ್ಟೂಲಿನ ಮೇಲೆ ಕೂತು ಓದಿಯೇ ಮುಗಿಸಿದೆ. ಯಜಮಾನರಿಗೆ ಈ ಕಡೆ ನಾಲ್ಕು ಅಂಗಡಿಗಳಿದ್ದವು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದವು ಚೆನ್ನಾಗಿ ನಡೆಯುತ್ತಿದ್ದವು. ಕೆಂಗೇರಿಯದು ಹೊಸದು, ತೆರೆದ ದಿನದಿಂದಲೂ ಮಲಗಿತ್ತು. ಅಲ್ಲಿದ್ದ ಮ್ಯಾನೇಜರು ಬೇಸತ್ತು ಬಿಟ್ಟುಹೋಗಿದ್ದರು.

ಒಂದು ದಿನ ಬೆಳಿಗ್ಗೆ ಯಜಮಾನರು ಒಳಗೆ ಕರೆದು, ಕೆಂಗೇರಿಗೆ ನೀನೇ ಮ್ಯಾನೇಜರ್ ಆಗು ಎಂದರು. ನನ್ನ ಎದೆ ಹಿಗ್ಗಿದ್ದು ನಿಜ. ಅವರು ಮೇ ತಿಂಗಳ ಮಾತು ಎತ್ತುತ್ತಾರೆ ಎಂದುಕೊಂಡೆ. ಆ ತಿಂಗಳಲ್ಲಿ ಸ್ಕೂಲ್ ಯೂನಿಫಾರಂಗಳನ್ನೆಲ್ಲ ಬಾಗಿಲ ಬಳಿಗೆ ತಂದು, ಅಳತೆ ಪ್ರಕಾರ ಅಲ್ಲ, ಸ್ಕೂಲಿನ ಪ್ರಕಾರ ಜೋಡಿಸಿದ್ದೆ. ಚಂದ್ರಾ ಲೇಔಟಿನ ಅರ್ಧ ತಾಯಂದಿರು ನಮ್ಮಲ್ಲಿಗೇ ಬಂದಿದ್ದರು. ಯಾಕೆ ಸಾರ್ ನಾನು, ಎಂದು ಬೇಕೆಂದೇ ಕೇಳಿದೆ, ಹೊಗಳಿಕೆ ಪೂರ್ತಿ ಕೇಳಿಸಿಕೊಳ್ಳೋಣ ಎಂದು.

"ನಿನ್ನ ಕೈಗುಣ ಒಳ್ಳೇದಮ್ಮ," ಎಂದರು ಅವರು. "ಅಲ್ಲಿ ದಿನಾ ಬೆಳಿಗ್ಗೆ ನೀನು ಬೋಣಿ ಮಾಡಿದ್ರೆ ಸಾಕು. ಮಿಕ್ಕಿದ್ದು ತಾನೇ ಆಗುತ್ತೆ."

ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗಾಯಿತು ನನ್ನ ಐದು ವರ್ಷದ ದುಡಿಮೆ.

ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ತಳ್ಳುಗಾಡಿಯವರಿಗೂ ಅದು ಇದೆ, ನಮ್ಮಂಥ ಎ.ಸಿ. ಅಂಗಡಿಗೂ ಇದೆ. ಬೋಣಿಯಾಗುವ ಮುಂಚೆ ಬಟ್ಟೆ ಬದಲಾಯಿಸಿಕೊಡಿ ಎಂದು ಯಾರಾದರೂ ಬಂದರೆ, ಸಿಸ್ಟಮ್ ಆನ್ ಆಗಿಲ್ಲ, ಹನ್ನೊಂದರ ಮೇಲೆ ಬನ್ನಿ ಎಂದು ಸುಳ್ಳು ಹೇಳಿ ಕಳಿಸಬೇಕು. ಮೊದಲ ಗಿರಾಕಿಯ ನೋಟನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಬೇಕು. ಈಗ ನೋಟು ಕೊಡುವವರು ಯಾರು? ಎಲ್ಲರೂ ಫೋನಿನಲ್ಲೇ ಹಣ ಹಾಕುತ್ತಾರೆ. ಹಾಗಾಗಿ ಕೌಂಟರಿನ ಮೇಲಿನ ಪೆಟ್ಟಿಗೆ ಹಣ ಬಂತು ಎಂದು ಕೂಗಿದ ಕೂಡಲೇ ನಾವೆಲ್ಲ ಆ ಪ್ಲಾಸ್ಟಿಕ್ ಪೆಟ್ಟಿಗೆಯನ್ನೇ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ಗಿರಾಕಿಗಳು ವಿಚಿತ್ರವಾಗಿ ನೋಡುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕ್ಯಾಷಿಯರ್ ಬಾರದ ಒಂದು ದಿನ ಮೊದಲ ಬಿಲ್ಲು ನಾನು ಹಾಕಿದ್ದೆ. ಆವತ್ತೇ ಒಂದು ಮದುವೆ ಮನೆಯವರು ಬಂದು ವರನಿಂದ ಹಿಡಿದು ವರನ ಸೋದರತ್ತೆಯ ಮೊಮ್ಮಗುವಿನವರೆಗೆ ಬಟ್ಟೆ ಕೊಂಡರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೆ. ಆದರೆ ಅಂದಿನಿಂದ ಬೋಣಿ ನನ್ನ ಕೊರಳಿಗೆ ಬಿತ್ತು. ಜ್ವರ ಬಂದರೂ ಬೆಳಿಗ್ಗೆ ಬಂದು ಒಂದು ಬಿಲ್ಲು ಹಾಕಿ ಮನೆಗೆ ಹೋಗಮ್ಮ ಎನ್ನುತ್ತಿದ್ದರು ಯಜಮಾನರು.

ಇನ್ನು ಅಕ್ಕನ ವಿಷಯ. ನಾನು ಅಕ್ಕ ಎನ್ನುತ್ತಿದ್ದದ್ದು ನಮ್ಮ ಅಂಗಡಿಯ ಅತಿ ಹಳೆಯ ಸೇಲ್ಸ್ ಹೆಂಗಸನ್ನು. ನನಗೆ ಕೆಲಸ ಕಲಿಸಿದವರು ಅವರು. ಗಿರಾಕಿ ಬೇಡ ಬೇಡ ಎನ್ನುತ್ತಲೇ ಯಾವ ಬಟ್ಟೆಯನ್ನು ಎರಡನೇ ಸಲ ಮುಟ್ಟುತ್ತಾರೆ ಎಂದು ನೋಡುವುದನ್ನು ಹೇಳಿಕೊಟ್ಟವರು. ಬೈದದ್ದಕ್ಕೂ ಲೆಕ್ಕವಿಲ್ಲ. ಮ್ಯಾನೇಜರ್ ಆಗುವುದಿದ್ದರೆ ಅವರು ಆಗಬೇಕಿತ್ತು. ನಾನು ಯಜಮಾನರಿಗೆ ಅದನ್ನೇ ಹೇಳಿದೆ. ಅಕ್ಕನನ್ನು ಯಾಕೆ ಕೇಳಲಿಲ್ಲ ಎಂದೆ.

ಯಜಮಾನರು ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯರಲ್ಲ, ಅದೇ ನನ್ನ ಸಿಟ್ಟಿಗೆ ದೊಡ್ಡ ತೊಡಕು. "ಅವರ ಬಗ್ಗೆ ನಂಗೆ ಎರಡು ಮಾತಿಲ್ಲ," ಎಂದರು. "ಆದ್ರೆ ಮ್ಯಾನೇಜರ್ ಅಂದ್ಮೇಲೆ ಬೆಳಿಗ್ಗೆ ಶಟರ್ ತೆಗೆದು ದೀಪ ಹಚ್ಬೇಕು, ಬೋಣಿ ಮಾಡ್ಬೇಕು. ಅವರಿಗೆ ಯಜಮಾನ್ರು ಇಲ್ಲ. ಅವರೇ ಬೇಡ ಅಂತಾರೆ, ಕೇಳಿ ನೋಡು."

ಅಕ್ಕನ ಗಂಡ ತೀರಿಕೊಂಡದ್ದು ನಾನು ಸೇರುವುದಕ್ಕೂ ಮುಂಚೆ. ಶುಕ್ರವಾರ ಕೌಂಟರಿನ ಪೂಜೆಯ ಹೊತ್ತಿಗೆ ಅವರು ಯಾವಾಗಲೂ ಟ್ರಯಲ್ ರೂಮಿನ ಕಡೆ ಬಟ್ಟೆ ಮಡಿಸುತ್ತಿರುತ್ತಿದ್ದರು. ಮಡಿಸುವ ಕೆಲಸ ಆ ಹೊತ್ತಿಗೇ ಬೀಳುತ್ತದೆ ಎಂದು ಎಲ್ಲರೂ ನಂಬಿದ ಹಾಗಿತ್ತು. ಯಾರೂ ಅವರಿಗೆ ಬರಬೇಡಿ ಎಂದಿರಲಿಲ್ಲ. ಬನ್ನಿ ಎಂದೂ ಕರೆದಿರಲಿಲ್ಲ. ನನ್ನ ಬಡ್ತಿಗೂ ಅವರಿಗೆ ಬಡ್ತಿ ಸಿಗದಿರುವುದಕ್ಕೂ ಇದ್ದದ್ದು ಒಂದೇ ಕಾರಣ. ನನ್ನ ಕೈ ಒಳ್ಳೆಯದು, ಅವರ ಕೈ ಒಳ್ಳೆಯದಲ್ಲ. ಇಂಥ ಕುರ್ಚಿಯ ಮೇಲೆ ಹೇಗೆ ಕೂರುವುದು? ಯೋಚಿಸಿ ಹೇಳುತ್ತೇನೆ ಎಂದು ಹೊರಗೆ ಬಂದೆ.

ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಯಲ್ಲಿ ಯೋಚಿಸಲು ಯಾರಾದರೂ ಬಿಟ್ಟರೆ ತಾನೆ. ಮ್ಯಾನೇಜರ್ ಆದರೆ ರಾತ್ರಿ ಮನೆಗೆ ಎಷ್ಟು ಹೊತ್ತಿಗೆ ಬರುತ್ತಾಳೆ ಎಂದು ಗಂಡಿನ ಕಡೆಯವರು ಕೇಳುತ್ತಾರೆ, ಎಂದರು ಅಮ್ಮ. ಯಾವ ಗಂಡು ಎಂದು ಕೇಳಿದೆ. ಮುಂದೆ ಬರುವ ಗಂಡು ಎಂದರು. ಇನ್ನೂ ಬಾರದ ಗಂಡು ನನ್ನ ಡ್ಯೂಟಿ ಟೈಮ್ ನಿರ್ಧರಿಸುತ್ತಿದ್ದ. ಅಪ್ಪನ ವಾದ ಬೇರೆ. ಅಂಗಡಿ ಮ್ಯಾನೇಜರ್ ಆದರೂ ಅಂಗಡಿಯೇ, ಬ್ಯಾಂಕ್ ಪರೀಕ್ಷೆ ಬರಿ ಎಂದರು. ಎರಡು ಸಲ ಬರೆದಿದ್ದೇನೆ ಎಂದು ನೆನಪಿಸಿದೆ. ಆಮೇಲೆ ಇಬ್ಬರೂ ಒಟ್ಟಿಗೆ, ಆದರೂ ಬಂದ ಲಕ್ಷ್ಮಿಯನ್ನು ಬೇಡ ಅನ್ನಬಾರದು ಎಂದರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬೇಡ ಎನ್ನುವುದಕ್ಕೂ ಬೇಕು ಎನ್ನುವುದಕ್ಕೂ ಅವರ ಹತ್ತಿರ ಕಾರಣಗಳಿದ್ದವು, ಒಂದೂ ನನ್ನದಲ್ಲ.

ವಾರದ ರಜೆಯ ದಿನ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ, ಯಾರಿಗೂ ಹೇಳದೆ, ಗಿರಾಕಿಯ ಹಾಗೆ. ಅಂಗಡಿ ಕಂಡ ಕೂಡಲೇ ಸಿಟ್ಟು ಇಮ್ಮಡಿಯಾಯಿತು. ಮಕ್ಕಳ ಬಟ್ಟೆಯನ್ನು ಮೊದಲನೇ ಮಹಡಿಯಲ್ಲಿ ಇಟ್ಟಿದ್ದರು. ಲಿಫ್ಟ್ ಇಲ್ಲ. ಒಬ್ಬ ಹೆಂಗಸು ಒಂದು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಇನ್ನೊಂದರ ಕೈಹಿಡಿದು ಒಳಗೆ ಬಂದು, ಮೆಟ್ಟಿಲು ನೋಡಿ, ಹಾಗೇ ಹೊರಟುಹೋದಳು. ನೆಲದ ಮಹಡಿಯಲ್ಲಿ, ಬಾಗಿಲಿಗೇ ಎದುರಾಗಿ, ಕೋಟು ತೊಟ್ಟ ಬೊಂಬೆಗಳು. ಕೆಂಗೇರಿಯ ಬಿಸಿಲಲ್ಲಿ ಬಂದವರಿಗೆ ಕೋಟು! ಇದಕ್ಕೆ ಬೋಣಿ ಏನು ಮಾಡುತ್ತದೆ? ಸಾಕ್ಷಾತ್ ಲಕ್ಷ್ಮಿಯೇ ಬಂದು ಬಿಲ್ಲು ಹಾಕಿದರೂ ಆ ಮೆಟ್ಟಿಲು ಹತ್ತುವವರು ಯಾರು?

ಅಲ್ಲೇ ನಿಂತು ಮನಸ್ಸಿನಲ್ಲಿ ಅಂಗಡಿಯನ್ನೆಲ್ಲ ತಲೆಕೆಳಗು ಮಾಡಿದೆ. ಮಕ್ಕಳದ್ದು ಕೆಳಗೆ, ಕೋಟು ಮೇಲೆ, ನೈಟಿಗಳು ಬಾಗಿಲಿಗೆ. ಕೈ ತುರಿಸಿತು. ಆಗ ನನಗೆ ಗೊತ್ತಾಯಿತು, ಈ ಕೆಲಸ ನನಗೆ ಬೇಕು. ತುಂಬಾ ಬೇಕು. ಅದೇ ಹೊಟ್ಟೆ ಉರಿಸಿತು.

ಮರುದಿನ ಊಟದ ಹೊತ್ತಿನಲ್ಲಿ ಅಕ್ಕನಿಗೆ ಎಲ್ಲ ಹೇಳಿದೆ. ಯಜಮಾನರ ಮಾತನ್ನು ಮುಚ್ಚಿಡೋಣ ಎಂದುಕೊಂಡಿದ್ದೆ, ಆಗಲಿಲ್ಲ. ನೀವು ಆಗಬೇಕಿದ್ದ ಕಡೆ ನಾನು ಹೋಗುವುದಿಲ್ಲ, ಬೇಡ ಅಂದುಬಿಡುತ್ತೇನೆ ಎಂದೆ. ಅಕ್ಕ ಕಣ್ಣೀರು ಹಾಕಬಹುದು, ತಲೆ ಸವರಬಹುದು ಎಂದು ಎಲ್ಲೋ ಒಂದು ಮೂಲೆಯಲ್ಲಿ ಕಾದಿದ್ದೆನೇನೋ. ಅವರು ಚಿತ್ರಾನ್ನದ ಡಬ್ಬಿ ಮುಚ್ಚಿದರು.

"ನಂಗೋಸ್ಕರ ಬಿಡ್ತೀಯಾ? ಬಿಟ್ರೆ ನನ್ನ ಕರೀತಾರಾ? ಇನ್ಯಾರನ್ನೋ ಕೂರಿಸ್ತಾರೆ, ಅವನಿಗೂ ನಾನೇ ಕೆಲಸ ಕಲಿಸ್ಬೇಕು. ಸುಮ್ನೆ ಹೋಗೇ."

ಹಾಗಲ್ಲ ಅಕ್ಕ, ಇದು ಅನ್ಯಾಯ, ಎಂದೆ.

"ಅನ್ಯಾಯ ಅಂತ ನಂಗೆ ಇವತ್ತು ಗೊತ್ತಾಯ್ತಾ?" ಎಂದು ಎದ್ದು ಹೋದರು. ಒಳ್ಳೆಯದು ಮಾಡಲು ಹೋದರೆ ಒಳ್ಳೆಯ ಬೈಗುಳ. ಆದರೆ ಅವರ ಮಾತು ಸುಳ್ಳಲ್ಲ. ನಾನು ಬೇಡವೆಂದರೆ ನನಗೆ ಸಮಾಧಾನವಾಗುತ್ತಿತ್ತು, ಅವರಿಗೆ ಏನೂ ಆಗುತ್ತಿರಲಿಲ್ಲ.

ಆದ್ದರಿಂದ ಯಜಮಾನರ ಬಳಿ ಹೋಗಿ, ಒಪ್ಪುತ್ತೇನೆ, ಆದರೆ ಇಲ್ಲಿ ನನ್ನ ಜಾಗಕ್ಕೆ ಅಕ್ಕ ಸೂಪರ್‌ವೈಸರ್ ಆಗಬೇಕು, ಶಟರಿನ ಬೀಗದ ಕೈಯೂ ಅವರ ಹತ್ತಿರವೇ ಇರಬೇಕು ಎಂದೆ. ಇಲ್ಲದಿದ್ದರೆ ನನ್ನ ಒಳ್ಳೆಯ ಕೈಯನ್ನು ಬೇರೆ ಅಂಗಡಿಗೆ ತೆಗೆದುಕೊಂಡು ಹೋಗುತ್ತೇನೆ ಎಂದೂ ಹೇಳಿದೆ. ಆ ಮಾತು ನಾಟಿತು. ಕೈಗುಣ ನನಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಯಜಮಾನರು ಒಪ್ಪಿದರು. ಆಮೇಲೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಹಾಗೆ ಒಂದು ಬಾಲ ಸೇರಿಸಿದರು. ದೀಪವನ್ನು ಕ್ಯಾಷಿಯರ್ ಹಚ್ಚಲಿ. ಬೋಣಿ ಮಾತ್ರ ನಿನ್ನದೇ ಇರಲಿ, ಫೋನಿನಲ್ಲಿ.

ನಗಬೇಡಿ. ನಾಲ್ಕು ತಿಂಗಳು ಇದು ನಡೆಯಿತು. ಬೆಳಿಗ್ಗೆ ಕೆಂಗೇರಿಯಲ್ಲಿ ನಾನು ಶಟರ್ ಎತ್ತಿ, ನನ್ನ ಬೋಣಿ ಮುಗಿಸುವಷ್ಟರಲ್ಲಿ ವಿಜಯನಗರದಿಂದ ವಿಡಿಯೋ ಕಾಲ್ ಬರುತ್ತಿತ್ತು. ಕ್ಯಾಷಿಯರ್ ಫೋನನ್ನು ಬಿಲ್ಲಿಂಗ್ ಮೆಷಿನ್ನಿಗೆ ಹಿಡಿಯುತ್ತಿದ್ದ. ನಾನು ಇಲ್ಲಿಂದ, ಹಾಕಪ್ಪ, ಒಳ್ಳೇದಾಗ್ಲಿ ಎನ್ನಬೇಕು, ಆಮೇಲೆ ಅವನು ಬಟನ್ ಒತ್ತಬೇಕು. ನೆಟ್‌ವರ್ಕ್ ಇಲ್ಲದಿದ್ದರೆ ಗಿರಾಕಿ ಕಾಯಬೇಕು. ಒಂದು ಸಲ ನಾನು ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೋದಲ್ಲಿ ಸಿಕ್ಕಿಕೊಂಡು, ಪಕ್ಕದ ಬಸ್ಸಿನವರೆಲ್ಲ ಬಗ್ಗಿ ನೋಡುತ್ತಿರುವಾಗ, ಯಾರದೋ ಲುಂಗಿಯ ಬಿಲ್ಲಿಗೆ ಆಶೀರ್ವಾದ ಮಾಡಿದ್ದೇನೆ. ಫೋನಿನ ಹಿಂಬದಿಯಲ್ಲಿ, ದೂರದಲ್ಲಿ, ಅಕ್ಕ ಬಟ್ಟೆ ಮಡಿಸುವುದು ಕಾಣುತ್ತಿತ್ತು. ಅದು ಕಂಡ ದಿನವೆಲ್ಲ ನಾನು ಕೆಂಗೇರಿ ಅಂಗಡಿಯ ಹುಡುಗಿಯರ ಮೇಲೆ ರೇಗುತ್ತಿದ್ದೆ. ಮಕ್ಕಳ ಬಟ್ಟೆ ಕೆಳಗೆ ಬಂದ ಮೇಲೆ ಅಂಗಡಿ ನಿಧಾನಕ್ಕೆ ಏಳತೊಡಗಿತ್ತು. ಯಜಮಾನರು ಬಂದು ನೋಡಿ, ನಾನು ಹೇಳ್ಲಿಲ್ವಾ, ಕೈಗುಣ ಎಂದರು. ಮೆಟ್ಟಿಲು ತೋರಿಸಿದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು.

ಒಂದು ದಿನ ಬೆಳಿಗ್ಗೆ ಕಾಲ್ ಬರಲಿಲ್ಲ. ಹಬ್ಬಕ್ಕೆ ಮುಂಚಿನ ದಿನಗಳು, ಹೊಸ ಬಟ್ಟೆಯ ಲೋಡ್ ಬಂದು ಬಿದ್ದಿತ್ತು, ನನಗೂ ನೆನಪಾಗಲಿಲ್ಲ. ನೆನಪಾದಾಗ ಮಧ್ಯಾಹ್ನ. ಗಾಬರಿಯಿಂದ ಫೋನ್ ಮಾಡಿದೆ. ಅಲ್ಲಿ ಇನ್ನೂ ಯಾರನ್ನೋ ಕಾಯಿಸಿಕೊಂಡು ಕೂತಿದ್ದಾರೋ ಎಂದು ಭಯ. ಅಕ್ಕನೇ ಎತ್ತಿದರು. ಬೋಣಿ ಏನಾಯಿತು ಅಕ್ಕ, ಕ್ಯಾಷಿಯರ್ ಯಾಕೆ ಕರೆಯಲಿಲ್ಲ ಎಂದೆ.

"ಅವನು ಬಂದಿಲ್ಲ. ಅವರಮ್ಮಂಗೆ ಹುಷಾರಿಲ್ಲ."

ಮತ್ತೆ?

ಹಿಂದೆ ಗದ್ದಲ ಕೇಳುತ್ತಿತ್ತು. ಅಂಗಡಿ ತುಂಬಿತ್ತು. ಅಕ್ಕ ಯಾರಿಗೋ ಆ ಕಡೆ ನೋಡಿ ಅಮ್ಮ, ಅದರಲ್ಲೇ ದೊಡ್ಡ ಸೈಜ್ ಇದೆ ಎಂದು ಹೇಳಿ ಮತ್ತೆ ಫೋನಿಗೆ ಬಂದರು.

"ಒಬ್ಬಳು ಬಾಣಂತಿ ಬಂದಿದ್ಲು ಕಣೇ. ಮಗು ಒದ್ದೆ ಮಾಡ್ಕೊಂಡು ಕಿರುಚ್ತಾ ಇತ್ತು, ಒಂದು ಫ್ರಾಕು ಬೇಕಿತ್ತು ಅಷ್ಟೆ. ನಿನ್ನ ಮುಖ ಬರೋವರೆಗೂ ಮಗುನ ಒದ್ದೇಲಿ ಇಡ್ಲಾ? ನಾನೇ ಹಾಕ್ದೆ ಬಿಲ್ಲು."

ದೀಪ ಯಾರು ಹಚ್ಚಿದರು ಎಂದು ಕೇಳಿದೆ, ಬೇರೆ ಏನು ಕೇಳಬೇಕೋ ತಿಳಿಯದೆ.

"ಕತ್ತಲಲ್ಲಿ ಬಿಲ್ಲು ಹಾಕ್ತಾರಾ?" ಎಂದರು. ಆಮೇಲೆ ನನಗೆ ಕೆಲಸ ಕಲಿಸುತ್ತಿದ್ದಾಗಿನ ಅದೇ ಗಡಸು ದನಿಯಲ್ಲಿ ಹೇಳಿದರು: "ನಾಳೆಯಿಂದ ಫೋನ್ ಮಾಡ್ಬೇಡ. ನಿನ್ನ ಅಂಗಡಿ ನೀನು ನೋಡ್ಕೋ, ನನ್ನದು ನಾನು ನೋಡ್ಕೋತೀನಿ."

ಫೋನ್ ಇಟ್ಟರು. ನಾನು ಕೆಂಗೇರಿ ಅಂಗಡಿಯ ಮ್ಯಾನೇಜರ್ ಕುರ್ಚಿಯಲ್ಲಿ ಕೂತೆ. ನಾಲ್ಕು ತಿಂಗಳಿಂದ ಅದರ ತುದಿಯಲ್ಲೇ ಕೂರುತ್ತಿದ್ದೆನೆಂದು ಆಗ ಗೊತ್ತಾಯಿತು.