ಪ್ರಕಾಶಕರು: ನಮ್ಮ ಅಜ್ಜ

ರೈತರ ಕಾಳು ಮಾರಿಕೊಡುವ ಸೋಲಾಪುರದ ನಮ್ಮ ಅಡತಿ ಅಂಗಡಿಯಲ್ಲಿ ಕಾಕಾರಿಗೆ ತಮ್ಮದೇ ಎನ್ನುವ ಸಹಿ ಇರಲಿಲ್ಲ. ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ಆಗಲೇ ನಲವತ್ತು ದಾಟಿದವರು. ಜೋಳದ ಪಾವತಿ, ರೈಲ್ವೆ ರಶೀದಿ, ಜಕಾತಿ ನಾಕಾದ ಸುಂಕದ ಚೀಟಿ, ಯಾವುದೇ ಇರಲಿ, ಅಣ್ಣತಮ್ಮ ಇಬ್ಬರೂ ಅಜ್ಜನ ಹೆಸರನ್ನೇ ಬರೆಯುತ್ತಿದ್ದರು. ಅಜ್ಜ ತೀರಿಕೊಂಡದ್ದು ಮನೆಯೊಳಗಿನ ಸಂಗತಿ. ಅಂಗಡಿಯಲ್ಲಿ ಅವರು ದಿನಾ ಸಹಿ ಮಾಡುತ್ತಿದ್ದರು, ಪೇಟೆಯಲ್ಲಿ ಯಾರಿಗೂ ಅದು ಸುಳ್ಳೆನಿಸುತ್ತಿರಲಿಲ್ಲ.

ಎಪ್ಪತ್ತೇಳರ ಚುನಾವಣೆ ಬಂತು. ತುರ್ತುಪರಿಸ್ಥಿತಿಯಲ್ಲಿ ಬಾಯಿ ಮುಚ್ಚಿಕೊಂಡಿದ್ದ ಊರು ಮೆಲ್ಲಗೆ ಕೆಮ್ಮತೊಡಗಿತ್ತು. ಕಾಕಾ ಒಂದು ಹ್ಯಾಂಡ್‌ಬಿಲ್ ಬರೆದರು: ಸರಕಾರದ ವಿರುದ್ಧ, ಕನ್ನಡದಲ್ಲಿ, ಅಕ್ಕಲಕೋಟ ಕಡೆಯ ಹಳ್ಳಿಯವರಿಗಾಗಿ. ಈಗ ಇಲ್ಲಿ ನಾಲ್ಕು ಬೆಂಕಿಯಂಥ ಸಾಲು ಹೊಸೆದು ಅದರೊಳಗೆ ಇದ್ದವೆಂದು ಹೇಳುವುದು ನನಗೆ ಕಷ್ಟವಲ್ಲ. ಆದರೆ ನನ್ನ ಬಳಿ ಉಳಿದಿರುವುದು ಇಷ್ಟೇ: ‘ಸ್ವಾತಂತ್ರ್ಯ’ ಎಂಬ ಪದ ಹಲವು ಸಲ ಬಂದಿತ್ತು, ಕಾಗದ ಗುಲಾಬಿ ಬಣ್ಣದ್ದು. ಗುಲಾಬಿಯ ಬಗ್ಗೆಯೂ ಖಾತ್ರಿಯಿಲ್ಲ.

ಅಪ್ಪ ಬೇಡವೆಂದರು. “ಲೈಸನ್ಸ್ ಹೋದ್ರ ಜ್ವಾಳಾ ಎಲ್ಲಿ ಮಾರ್ತೀ? ಹಂಚೂದಿದ್ರ ಹಂಚು. ಹೆಸರು ಮಾತ್ರ ಹಾಕಬ್ಯಾಡ.”

“ಹೆಸರು ಹಾಕಾಕಽ ಬರದೀನಿ ಅಣ್ಣಾ,” ಎಂದರು ಕಾಕಾ. “ಇಷ್ಟು ವಯಸ್ಸಾತು. ಒಂದು ಕೆಲಸರ ನಂದು ಅಂತ ಇರ್ಲಿ.”

ನಾನು ಆಗ ಕಾಯ್ದೆ ಕಲಿಯುತ್ತಿದ್ದೆ. ಕಾಯ್ದೆ ಕಾಕಾರ ಕಡೆಗೇ ಇತ್ತು. ಚುನಾವಣೆಯ ಹ್ಯಾಂಡ್‌ಬಿಲ್ಲಿನ ಮೇಲೆ ಮುದ್ರಕನ, ಪ್ರಕಾಶಕನ ಹೆಸರು ವಿಳಾಸ ಇರಲೇಬೇಕು. ಪ್ರಕಾಶಕ ಯಾರೆಂಬ ಘೋಷಣೆಗೆ ಅವನು ಸಹಿ ಮಾಡಬೇಕು, ಅವನನ್ನು ಖುದ್ದಾಗಿ ಬಲ್ಲ ಇಬ್ಬರು ಸಾಕ್ಷಿ ಹಾಕಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು. ಮುಂದೆ ಕೂತಿರುವುದು ಪರೀಕ್ಷಕರು ಎಂಬಂತೆ ನಾನು ಇದನ್ನೆಲ್ಲ ಒಪ್ಪಿಸಿದೆ. ಕಾಕಾ ಜೈಲಿನ ಮಾತು ಬಂದಾಗ ಖುಷಿಯಾದಂತೆ ಕಂಡರು.

ಛಾಪಖಾನೆಗೆ ಹೋದರು, ಮುಂದಿಟ್ಟ ಘೋಷಣೆಗೆ ರೂಢಿಯಂತೆ ಸರಸರ ಸಹಿ ಮಾಡಿದರು. ಅಜ್ಜನ ಸಹಿ. ಪಕ್ಕದ ಅಂಗಡಿಯ ಇಬ್ಬರು ಸಾಕ್ಷಿ ಹಾಕಿದರು. ಇಬ್ಬರೂ ಅಜ್ಜನನ್ನು ಖುದ್ದಾಗಿ ಬಲ್ಲವರೇ, ಆ ಮಟ್ಟಿಗೆ ಕಾಯ್ದೆಯ ಪಾಲನೆಯಲ್ಲಿ ಲೋಪವಿಲ್ಲ. ಛಾಪಖಾನೆಯವರು ಸಹಿ ಓದಿ ಅದೇ ಹೆಸರನ್ನು ಪ್ರಕಾಶಕನೆಂದು ಜೋಡಿಸಿದರು. ಬಂಡಲ್ ಬಂದ ಮೇಲೆ ಕೊನೆಯ ಸಾಲನ್ನು ಯಾರೂ ಓದಲಿಲ್ಲ. ನಾನು ಓದಿದ್ದೆನೋ ಏನೋ. ಓದಿದ್ದರೂ ಆ ಹೆಸರು ಅಲ್ಲಿರುವುದು ನಮ್ಮ ಮನೆಯವರಿಗೆ ವಿಚಿತ್ರವಾಗಿ ಕಾಣುತ್ತಿರಲಿಲ್ಲ.

ಅಕ್ಕಲಕೋಟದ ಬಸ್ ಸ್ಟ್ಯಾಂಡಿಗೆ ಕಾಕಾರ ಜೊತೆ ನಾನೂ ಹೋದೆ. ಸುಡುಬಿಸಿಲಿತ್ತು ಎಂದು ಬರೆಯಲು ಕೈ ಹೋಗುತ್ತದೆ, ಆದರೆ ಅದು ನೆನಪಲ್ಲ, ಆ ಸೀಮೆಯ ಬಗ್ಗೆ ಯಾರು ಬೇಕಾದರೂ ಬರೆಯಬಹುದಾದ ಮಾತು. ಸ್ಟ್ಯಾಂಡಿನೊಳಗೆ ನಿಂತರೆ ಎಸ್‌ಟಿಯವರು, ಇದು ಬಸ್ಸಿನವರ ಜಾಗ ಎಂದರು. ಹೊರಗೆ ಬಂದರೆ ಪೊಲೀಸ್ ಒಬ್ಬ, ರಸ್ತೆ ಇರುವುದು ಗಾಡಿಗಳಿಗೆ ಎಂದ. ಅಂಗಡಿಯ ಮೆಟ್ಟಿಲೇರಿದರೆ ಗಿರಾಕಿಗಳಿಗೆ ಅಡ್ಡಿ. ಸಾರ್ವಜನಿಕ ಸ್ಥಳ ಎಂಬುದು ನನ್ನ ಪುಸ್ತಕದಲ್ಲಿ ಬಹಳ ವಿಶಾಲವಾಗಿತ್ತು. ಕಾಕಾರಿಗೆ ಕೊನೆಗೆ ದಕ್ಕಿದ್ದು ಗಟಾರದ ಮೇಲೆ ಹಾಸಿದ್ದ ಒಂದು ಫರಸಿ ಕಲ್ಲು.

ಊರಿನ ಸ್ವಾಮಿಗಳ ಮಠಕ್ಕೆ ದರ್ಶನಕ್ಕೆ ಬಂದವರು ಹ್ಯಾಂಡ್‌ಬಿಲ್ಲನ್ನು ಪ್ರಸಾದವೆಂಬಂತೆ ಕಣ್ಣಿಗೊತ್ತಿಕೊಂಡು, ಮಡಚಿ, ಓದದೆ ಕಿಸೆಯಲ್ಲಿಟ್ಟುಕೊಂಡರು. ಚಪಳಗಾಂವದ ಒಬ್ಬ ಮುದುಕ ಮಾತ್ರ ಮೇಲಿನಿಂದ ಕೆಳಗಿನವರೆಗೆ ಓದಿದ, ಜೋರಾಗಿ. ನಮ್ಮ ಅಂಗಡಿಗೆ ಮಾಲು ತರುತ್ತಿದ್ದ ಹಳೆಯ ರೈತ.

“ಸಣ್ಣ ಸಾವಕಾರ್ರ, ಇದೇನ್ರಿ ಇದು? ದೊಡ್ಡ ಸಾವಕಾರ್ರ ಮಣ್ಣಿಗಿ ನಾನಽ ಬಂದಿದ್ನೆಲ್ರಿ! ಹೊಳ್ಳಿ ಬಂದು ಇಲೆಕ್ಷನ್ನಿಗಿ ನಿಂತಾರೇನು?”

ಸುತ್ತಲಿದ್ದವರು ನಕ್ಕರು. ಪೊಲೀಸನೂ ನಕ್ಕ. ನಕ್ಕು ಮುಗಿದ ಮೇಲೆ ಕಾಕಾರನ್ನೂ ನನ್ನನ್ನೂ ಬಂಡಲನ್ನೂ ಠಾಣೆಗೆ ಕರೆದೊಯ್ದ.

ಠಾಣೆಯ ಫೌಜದಾರರು ಮರಾಠಿಯಲ್ಲಿ ಶುರುಮಾಡಿ, ಕಾಕಾರ ಮರಾಠಿ ಕೇಳಿದ ಮೇಲೆ ಕನ್ನಡಕ್ಕೆ ಹೊರಳಿದರು.

“ಈ ಪ್ರಕಾಶಕರನ್ನ ಕರಸ್ರಿ.”

“ಅವರು ನಮ್ಮಪ್ಪಾರು. ತೀರ್ಕೊಂಡಾರ.”

“ಮತ್ತ ಸಹಿ?”

“ಸಹಿ ಅವರದಽ. ಮಾಡಿದಾಂವ ನಾ.”

ಫೌಜದಾರರು ಹ್ಯಾಂಡ್‌ಬಿಲ್ಲನ್ನು ತಿರುಗಿಸಿ ನೋಡಿ ಕೆಳಗಿಟ್ಟರು. “ಮುಗೀತಲ್ಲ ಶೇಟಜಿ. ಸತ್ತವರನ್ನ ನಾ ಎಲ್ಲಿಂದ ಹಿಡಕೊಂಡು ಬರ್ಲಿ? ಮನಿಗಿ ಹೋಗ್ರಿ.”

“ಇಲ್ರಿ ಸಾಹೇಬ. ಬರದಾಂವ ನಾ, ಹಂಚಿದಾಂವ ನಾ. ನನ್ನ ಹೆಸರು ಬರಕೋರಿ.”

“ಮಂದಿ ಬಿಡ್ರಿ ಬಿಡ್ರಿ ಅಂತ ಕಾಲು ಹಿಡೀತಾರ. ನಿಮಗ್ಯಾಕ ಒಳಗ ಹೋಗೂ ಹೌಸಿ?”

ಕಾಕಾ ಆಗ ಮೇಜು ಗುದ್ದಿದರು ಎಂದು ನಾನು ಬಹಳ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಗುದ್ದಲಿಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಬರೆದುಕೊಳ್ಳುತ್ತಾರೇನೋ ಎಂದು ಫೌಜದಾರರ ಪೆನ್ನನ್ನೇ ನೋಡುತ್ತ ಕೂತಿದ್ದರು. ಫೌಜದಾರರು ಹ್ಯಾಂಡ್‌ಬಿಲ್ಲಿನ ಕೊನೆಯ ಸಾಲು ನೋಡುತ್ತ ಏನೋ ಬರೆದರು. ಏನೆಂದು ನಾವು ಕೇಳಲಿಲ್ಲ. ಬಂಡಲ್ ಇಟ್ಟುಕೊಂಡು ನಮ್ಮನ್ನು ಬಿಟ್ಟರು.

ಮನೆಯಲ್ಲಿ ಅಪ್ಪ ಹಿಗ್ಗಿದರು. “ಭಾಳ ಶಾಣ್ಯಾ ಅದೀ ಬಿಡೋ! ಅಪ್ಪನ ಹೆಸರು ಬರದು ಪಾರಾದಿ. ಇಷ್ಟು ತೆಲಿ ನಿನಗ ಐತಿ ಅಂತ ನನಗ ಗೊತ್ತಿದ್ದಿಲ್ಲ.” ಬೈದಿದ್ದರೂ ಕಾಕಾ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ.

ಚುನಾವಣೆ ಮುಗಿದು, ದಿಲ್ಲಿಯ ಸರಕಾರ ಬದಲಾಗಿ, ನಮ್ಮ ಪೇಟೆಯ ತುಂಬ ಮೊದಲಿನಿಂದಲೂ ಧೈರ್ಯವಂತರಾಗಿದ್ದವರು ಕಾಣಿಸಿಕೊಂಡ ಮೇಲೆ, ಅಕ್ಕಲಕೋಟದ ಕೋರ್ಟಿನಿಂದ ಸಮನ್ಸ್ ಬಂತು. ಅಜ್ಜನ ಹೆಸರಿಗೆ.

“ತೀರಿಹೋಗ್ಯಾರ ಅಂತ ಬರದು ಹೊಳ್ಳಿ ಕಳಸು,” ಎಂದರು ಅಪ್ಪ.

ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು, ಲಗ್ನದ ಮನೆಗಳಿಗೆ ಹೋಗುವಾಗ ಹಾಕುವ ಕರಿ ಕೋಟು ಹಾಕಿಕೊಂಡು ಬಸ್ಸು ಹತ್ತಿದರು. ಕಾಯ್ದೆ ಬಲ್ಲವನೆಂದು ನನ್ನನ್ನು ಕರೆದುಕೊಂಡರು. ದಾರಿಯಲ್ಲಿ ವಳಸಂಗ ದಾಟಿದ ಮೇಲೆ ಕೇಳಿದರು:

“ಜಡ್ಜ ಸಾಹೇಬ್ರು ಮೊದಲ ಏನು ಕೇಳ್ತಾರ?”

“ನಿಮ್ಮ ಹೆಸರು ಕೇಳ್ತಾರ ಕಾಕಾ.”

“ಖರೇನಽ?” ಎಂದರು. ಮುಖ ಕಿಟಕಿಯ ಕಡೆಗಿತ್ತು, ನನಗೆ ಕಾಣಲಿಲ್ಲ. ಮುಗುಳ್ನಕ್ಕರು ಎಂದು ಬರೆದಿದ್ದೆ, ಹೊಡೆದುಹಾಕಿದ್ದೇನೆ.

ಕೋರ್ಟಿನ ಬಾಗಿಲಲ್ಲಿ ಪಟ್ಟೇವಾಲಾ ಅಜ್ಜನ ಹೆಸರನ್ನು ಕೂಗಿದ. ಅಷ್ಟು ಜೋರಾಗಿ ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ಬೆಂಚಿನ ಮೇಲಿದ್ದ ಕಾಕಾ ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡರು.

“ಅವರಿಲ್ರಿ. ನಾ ಬಂದೀನಿ.”

ಪಟ್ಟೇವಾಲಾ ಕೈಯಲ್ಲಿದ್ದ ಕಾಗದ ನೋಡಿದ, ಕಾಕಾರನ್ನು ನೋಡಿದ. “ನಿಮ್ಮನ್ನ ಕರದಿಲ್ರಿ ಸಾವಕಾರ್ರ. ಕೂಡ್ರಿ.”

ಕಾಕಾ ಕೂಡಲಿಲ್ಲ. ಅವನು ಅವರ ಭುಜದ ಮೇಲಿಂದ ವರಾಂಡದ ಕಡೆಗೆ ಮುಖ ಮಾಡಿ ಅಜ್ಜನನ್ನು ಎರಡನೆಯ ಸಲ ಕೂಗಿದ.