ಲೆಫ್ಟ್ ಬ್ಯಾಕ್ ಡಾಕ್ಟರು

ಮೊನ್ನೆ ಶಹಾಡದಿಂದ ಬರುವ ಮುಂಬೈ ಲೋಕಲ್ ರೈಲಿನಲ್ಲಿ ಪಕ್ಕದ ಸೀಟಿನವನು ಪ್ಯಾಂಟು ಮಡಚಿ ಮಂಡಿಗೆ ನೋವಿನ ಮುಲಾಮು ತಿಕ್ಕಿಕೊಳ್ಳತೊಡಗಿದ. ಎದುರಿಗಿದ್ದವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಬೇಕೆಂದೇ ಉಸಿರೆಳೆದುಕೊಂಡೆ. ನನಗದು ಭಾನುವಾರದ ವಾಸನೆ, ನಮ್ಮ ಡಾಕ್ಟರ ವಾಸನೆ…

ಅವರು ವಿಜಯಪುರದ ಕಡೆಯವರು. ಡೊಂಬಿವಲಿಯ ಒಂದು ಬಿಲ್ಡಿಂಗಿನ ನೆಲಮಹಡಿಯಲ್ಲಿ ದವಾಖಾನೆ ಇಟ್ಟಿದ್ದರು. ಓದುವಾಗ ದೊಡ್ಡ ದೊಡ್ಡ ಟೀಮುಗಳಿಗೆ ಫುಟ್‌ಬಾಲ್ ಆಡಿದವರಂತೆ. ತಲೆ ನರೆತರೂ ಆಟ ಬಿಟ್ಟಿರಲಿಲ್ಲ. ಪ್ರತಿ ಭಾನುವಾರ ಠಾಕುರ್ಲಿಯ ಮೈದಾನದಲ್ಲಿ ಚಡ್ಡಿ ಹಾಕಿಕೊಂಡು ನಮ್ಮ ಜೊತೆ ಲೆಫ್ಟ್ ಬ್ಯಾಕ್, ಅಂದರೆ ಗೋಲಿನ ಮುಂದೆ ಎಡಬದಿ ಕಾಯುವವರಾಗಿ, ಆಡುತ್ತಿದ್ದರು. ನಾವೆಂದರೆ ತುರ್ಭೆ ಮಾರ್ಕೆಟಿನ ಹಮಾಲರು, ಶಹಾಡದ ಕಾರ್ಖಾನೆಯವರು, ಕಲಬುರಗಿ ರಾಯಚೂರಿನಿಂದ ಬಂದ ಗಾರೆ ಕೆಲಸದವರು. ನಾನು ಗೋಲ್‌ಕೀಪರ್.

ನಮ್ಮ ಜನಕ್ಕೆ ಒಂದು ಹಟ. ನೆಲಕ್ಕೆ ಬೀಳುವವರೆಗೆ ದವಾಖಾನೆಯ ಮೆಟ್ಟಿಲು ಹತ್ತುವುದಿಲ್ಲ. ಹತ್ತಿದರೂ ಏನೂ ಆಗಿಲ್ಲ ಎನ್ನುತ್ತೇವೆ, ಕೆಲಸ ತಪ್ಪೀತೆಂಬ ಹೆದರಿಕೆ. ಡಾಕ್ಟರಿಗೆ ಇದು ಗೊತ್ತಿತ್ತು. ಯಾರು ಕಾಲೆಳೆಯುತ್ತಾರೆ, ಯಾರಿಗೆ ಏದುಸಿರು ಎಂದು ಆಡುತ್ತಲೇ ನೋಡಿಕೊಳ್ಳುತ್ತಿದ್ದರು. ಅರ್ಧ ಆಟ ಮುಗಿದಾಗ ಮುಲಾಮು ತಿಕ್ಕುತ್ತ ವಿಚಾರಣೆ ಶುರು.

ಒಂದು ಭಾನುವಾರ ಎದುರಾಳಿ ಚೆಂಡು ತೆಗೆದುಕೊಂಡು ನುಗ್ಗಿ ಬರುತ್ತಿದ್ದ. ಡಾಕ್ಟರು ಅವನನ್ನು ಬಿಟ್ಟು ನನ್ನ ಹತ್ತಿರ ಓಡಿಬಂದರು. ಗೋಲು ಬಿತ್ತು. ನಮ್ಮವರೆಲ್ಲ ಬಾಯಿಗೆ ಬಂದಂತೆ ಬೈದರು. ಡಾಕ್ಟರು ನನ್ನ ಬೆನ್ನಿಗೆ ಕಿವಿ ಹಚ್ಚಿ, "ಈ ಕೆಮ್ಮು ಎಷ್ಟ ದಿನಾ ಆತಲೇ?" ಎಂದರು. ಪರೀಕ್ಷೆ ಮಾಡಿಸಿದಾಗ ಟಿ.ಬಿ. ಎಂದು ಗೊತ್ತಾಯಿತು. ಒಂದು ದಿನವೂ ಗುಳಿಗೆ ತಪ್ಪಿಸಲು ಅವರು ಬಿಡಲಿಲ್ಲ. ಬದುಕಿಕೊಂಡೆ.

ದವಾಖಾನೆಗೆ ಬರುವ ನಮ್ಮಂಥವರ ಕೆಸರುಗಾಲು ಬಿಲ್ಡಿಂಗಿನವರಿಗೆ ಹಿಡಿಸಲಿಲ್ಲ. ಸೊಸೈಟಿಯ ಚೇರ್ಮನ್ನರು ಮೈಸೂರಿನ ಕಡೆಯವರು. ನಾನು ಗುಳಿಗೆಗೆಂದು ಕೂತಿದ್ದಾಗಲೇ ಬಂದರು.

"ಡಾಕ್ಟ್ರೇ, ನೀವು ಚಡ್ಡಿ ಹಾಕ್ಕೊಂಡು ಹಮಾಲರ ಜೊತೆ ಕುಣಿದ್ರೆ ಸೊಸೈಟಿ ಮರ್ಯಾದೆ ಏನಾಗ್ಬೇಕು? ಆಟ ಬಿಡಿ, ಇಲ್ಲಾ ರೂಮ್ ಖಾಲಿ ಮಾಡಿ."

ಡಾಕ್ಟರು ತಲೆ ಎತ್ತಲೂ ಇಲ್ಲ. "ಆಟದಾಗ ಯಾವನೂ ಸುಳ್ಳ ಹೇಳಂಗಿಲ್ರೀ ಸಾಹೇಬ್ರ. ನನ್ನ ಪೇಶಂಟ್ ಸಿಗೂದ ಅಲ್ಲೆ. ಚಾವಿ ನಾಳೆ ತಗೊಳ್ರಿ."

ಮಾರನೆಯ ದಿನವೇ ಠಾಕುರ್ಲಿಯ ತಗಡಿನ ಚಾಳಿನಲ್ಲಿ ಮೇಜು ಹಾಕಿದರು. ಅನುಕೂಲಸ್ಥ ಪೇಶಂಟುಗಳು ಅಲ್ಲಿಗೆ ಬರಲಿಲ್ಲ. ಡಾಕ್ಟರ ಮನೆಯವರು ಇದಕ್ಕೆ ಸಿಟ್ಟಾಗಿದ್ದರೆಂದು ಕೇಳಿದ್ದೆ… ಹೊಸ ಬೋರ್ಡಿನಲ್ಲಿ ಮಾತ್ರ ಎಂ.ಬಿ.ಬಿ.ಎಸ್. ಪಕ್ಕದಲ್ಲೇ 'ಲೆಫ್ಟ್ ಬ್ಯಾಕ್' ಎಂದು ದಪ್ಪಕ್ಷರದಲ್ಲಿ ಬರೆಸಿದರು. ಪೊಗರು ಅಂದರೆ ಅದು! ಆ ಬೋರ್ಡು ನೋಡಿದಾಗಲೆಲ್ಲ ನನ್ನ ಎದೆಯೂ ಉಬ್ಬುತ್ತಿತ್ತು.

ಕಳೆದ ವರ್ಷ ಅವರು ತೀರಿಕೊಂಡರು. ಈಗ ಆ ಬಿಲ್ಡಿಂಗಿನವರು 'ನಮ್ಮ ಡಾಕ್ಟರು' ಎಂದು ಹೇಳಿಕೊಂಡು ತಿರುಗುತ್ತಾರೆ. ಕೇಳಿಸಿಕೊಂಡು ಸುಮ್ಮನಿರುವವನಲ್ಲ ನಾನು. ಡಾಕ್ಟರನ್ನು ಹೊರಹಾಕಿದ ಕಥೆ ಹೇಳಿಯೇ ಬರುತ್ತೇನೆ.

ಆಟ ನಿಂತಿಲ್ಲ, ನಿಲ್ಲಿಸುವುದೂ ಇಲ್ಲ. ಹೋದ ಭಾನುವಾರ ರಾಯಚೂರಿನಿಂದ ಹೊಸದಾಗಿ ಬಂದವನೊಬ್ಬ ಆಡುತ್ತ ಆಡುತ್ತ ಕೆಮ್ಮಿ ಕುಸಿದ. "ಏನಿಲ್ಲಣ್ಣಾ, ಧೂಳು" ಎಂದ. ನಾನು ಗೋಲು ಬಿಟ್ಟು ಓಡಿದೆ. ಹಿಂದೆ ಚೆಂಡು ಒಳಗೆ ಬಿತ್ತು, ನಮ್ಮವರು ಬೈದರು. ಬೈಯಲಿ. ಅವನ ಬೆನ್ನಿಗೆ ಕಿವಿ ಹಚ್ಚಿದೆ. ಏನೋ ಸದ್ದು ಕೇಳಿಸಿತು. ಅದೇನೆಂದು ಹೇಳುವವರು ಇರಲಿಲ್ಲ.